ಎರಡು ಖಾಲಿ ಮನೆಗಳು: ಟೆಕ್ನೀಷಿಯಂ ಮತ್ತು ಪ್ರೊಮೀಥಿಯಂ



ದೂರದ ಊರುಗಳಿಂದ ಸರಕಾರಿ ಬಸ್ಸಿನಲ್ಲಿ ಮಂಗಳೂರಿಗೆ ಬಂದವರು ಇಳಿಯುವುದು ಬಿಜೈಯಲ್ಲಿ. ಅದೇ ಬಿಜೈಯಲ್ಲಿ ಹಡಗಿನ ಆಕಾರದ ಒಂದು ಹಳೆಯ ಕಟ್ಟಡವಿದೆ. ಅದು ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯ. ಕರ್ನಲ್ ಮಿರಾಜ್‌ಕರ್ ಅವರ ತಾಯಿಯ ಹೆಸರು ಹೊತ್ತ ಈ ಕಟ್ಟಡ 1960ರಲ್ಲಿ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆಯಿತು. ಹಳೆಯ ನಾಣ್ಯಗಳನ್ನೂ ವಿಗ್ರಹಗಳನ್ನೂ ಅಲ್ಲಿ ನೋಡಬಹುದು. ಬಿಜೈಯಿಂದ ಕದ್ರಿ ಗುಡ್ಡದ ಕಡೆಗೆ ಹೋದರೆ ಮಂಜುನಾಥ ದೇವಸ್ಥಾನ ಸಿಗುತ್ತದೆ. ಅಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಶಾಸನವಿದೆ. ಅದರ ಕಾಲ ಕ್ರಿ.ಶ. 968. ಸಾವಿರ ವರ್ಷ ದಾಟಿದ ಮೇಲೂ ಆ ಕಂಚಿನೊಳಗಿನ ತಾಮ್ರ ತಾಮ್ರವಾಗಿಯೇ ಇದೆ, ತವರ ತವರವಾಗಿಯೇ ಇದೆ.

ಲೋಹವೆಂದರೆ ಬಾಳಿಕೆ ಬರುವಂಥದು ಎಂಬುದು ನಮ್ಮೆಲ್ಲರ ನಂಬಿಕೆ. ದಾನ ಕೊಟ್ಟ ಅರಸರು ದಾನದ ವಿವರವನ್ನು ತಾಮ್ರದ ತಗಡಿನ ಮೇಲೆ ಕೊರೆಯಿಸಿದ್ದು ಈ ನಂಬಿಕೆಯಿಂದಲೇ. ಆದರೆ ಜಗತ್ತಿನ ಯಾವ ಪುರಾತನ ವಸ್ತುಸಂಗ್ರಹಾಲಯದಲ್ಲಿಯೂ ಸಿಗದ ಎರಡು ಲೋಹಗಳಿವೆ. ಒಂದು ಟೆಕ್ನೀಷಿಯಂ, ಇನ್ನೊಂದು ಪ್ರೊಮೀಥಿಯಂ. ಆವರ್ತ ಕೋಷ್ಟಕದಲ್ಲಿ ಇವುಗಳ ಸಂಖ್ಯೆ 43 ಮತ್ತು 61.

ಯುರೇನಿಯಂಗಿಂತ ಭಾರವಾದ ಧಾತುಗಳನ್ನು ಮನುಷ್ಯ ಕೃತಕವಾಗಿ ತಯಾರಿಸಿದ್ದಾನೆ ಎಂಬುದನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅವು ಕೋಷ್ಟಕದ ಕೊನೆಯಲ್ಲಿ ಬರುವಂಥವು. ಈ ಎರಡರ ವಿಷಯ ಹಾಗಲ್ಲ. ಇವು ಕೋಷ್ಟಕದ ನಟ್ಟನಡುವೆ, ಸ್ಥಿರವಾದ ನೆರೆಹೊರೆಯವರ ಮಧ್ಯೆ ಕುಳಿತಿವೆ. ಆದರೂ ಇವನ್ನು ಅಗೆದು ತೆಗೆಯಲಾಗಲಿಲ್ಲ, ಮಾಡಿಕೊಳ್ಳಬೇಕಾಯಿತು.

ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ತೋರಿಸಲು ಏನಾದರೂ ವಸ್ತು ಬೇಕು. ಚಿನ್ನದ ಬಗ್ಗೆ ಮಾತನಾಡುವಾಗ ಚಿನ್ನವನ್ನು ಕ್ಯಾಮೆರಾದ ಮುಂದಿಟ್ಟರಾಯಿತು. ಈ ಎರಡು ಲೋಹಗಳನ್ನು ಮೇಜಿನ ಮೇಲಿಟ್ಟು ತೋರಿಸುವಂತಿಲ್ಲ. ಆದ್ದರಿಂದ ಪರದೆಯ ಮೇಲೆ ತೋರಿಸಲಾಗದ ಈ ಕಥೆಯನ್ನು ಪುಟದ ಮೇಲೆ ನಿಧಾನವಾಗಿ ನೋಡೋಣ. ಇವುಗಳ ಗುಣಗಳನ್ನು ಹೋಲಿಸುತ್ತ ಹೋದಂತೆ ಒಂದು ಸಂಗತಿ ನಿಮಗೇ ಸ್ಪಷ್ಟವಾಗುತ್ತದೆ. ಒಂದು ಲೋಹವನ್ನು ಅರಿಯಲು ಅದರ ಬಣ್ಣ, ತೂಕ, ಕರಗುವ ಬಿಂದು ಇಷ್ಟೇ ಸಾಲದು. ಅದರ ಆಯುಷ್ಯವನ್ನೂ ಕೇಳಬೇಕು.

ಎಲ್ಲರೂ ಹುಡುಕಿದರು

ರಷ್ಯದ ಮೆಂಡಲೀವ್ 1869ರಲ್ಲಿ ಆವರ್ತ ಕೋಷ್ಟಕವನ್ನು ಪ್ರಕಟಿಸಿದಾಗ ಅದರಲ್ಲಿ ಕೆಲವು ಮನೆಗಳನ್ನು ಖಾಲಿ ಬಿಟ್ಟಿದ್ದ. ಗೊತ್ತಿಲ್ಲದ ಧಾತುಗಳಿಗೆ ಜಾಗ ಕಾಯ್ದಿರಿಸಿದ ಧೈರ್ಯವೇ ಅವನ ದೊಡ್ಡಸ್ತಿಕೆ. ಮ್ಯಾಂಗನೀಸ್‌ನ ಕೆಳಗಿನ ಮನೆಗೆ ಅವನಿಟ್ಟ ಹೆಸರು ಏಕ-ಮ್ಯಾಂಗನೀಸ್. 'ಏಕ' ಎಂಬುದು ನಮ್ಮ ಸಂಸ್ಕೃತದ ಶಬ್ದವೇ. ಅವನು ಮುಂಗಂಡ ಗ್ಯಾಲಿಯಂ, ಸ್ಕ್ಯಾಂಡಿಯಂ, ಜರ್ಮೇನಿಯಂ ಒಂದೊಂದಾಗಿ ಸಿಕ್ಕವು. ಏಕ-ಮ್ಯಾಂಗನೀಸ್ ಮಾತ್ರ ಸಿಗಲಿಲ್ಲ.

1913-14ರಲ್ಲಿ ಇಂಗ್ಲೆಂಡಿನ ತರುಣ ವಿಜ್ಞಾನಿ ಮೋಸ್ಲಿ ಧಾತುಗಳು ಹೊಮ್ಮಿಸುವ ಕ್ಷ-ಕಿರಣಗಳನ್ನು ಅಳೆದು, ಪ್ರತಿಯೊಂದು ಧಾತುವಿಗೂ ಒಂದು ನಿಶ್ಚಿತ ಕ್ರಮಸಂಖ್ಯೆ ಇದೆಯೆಂದು ತೋರಿಸಿದ. ಎಲ್ಲಿ ಎಷ್ಟು ಮನೆಗಳು ಖಾಲಿ ಇವೆ ಎಂಬುದು ಆಗ ಖಚಿತವಾಯಿತು. 43 ಮತ್ತು 61 ಆ ಪಟ್ಟಿಯಲ್ಲಿದ್ದವು. ಮೋಸ್ಲಿ 1915ರಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ ಮಡಿದ. ಆಗ ಅವನಿಗೆ ವಯಸ್ಸು 27.

ಸಂಖ್ಯೆ ಗೊತ್ತಾದ ಮೇಲೆ ಹುಡುಕಾಟ ಬಿರುಸಾಯಿತು. 1925ರಲ್ಲಿ ಜರ್ಮನಿಯ ವಾಲ್ಟರ್ ನೊಡ್ಡಾಕ್, ಇಡಾ ಟಾಕೆ ಮತ್ತು ಒಟ್ಟೊ ಬೆರ್ಗ್ ಎರಡು ಹೊಸ ಧಾತುಗಳನ್ನು ಕಂಡುಹಿಡಿದಿದ್ದೇವೆ ಎಂದು ಸಾರಿದರು. 75ನೆಯದು ರೀನಿಯಂ, 43ನೆಯದು ಮಸೂರಿಯಂ. 1926ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಹಾಪ್ಕಿನ್ಸ್ ಮತ್ತು ಸಂಗಡಿಗರು 61ನೆಯದು ಸಿಕ್ಕಿತೆಂದು ಹೇಳಿ ಅದಕ್ಕೆ ಇಲಿನಿಯಂ ಎಂದು ಹೆಸರಿಟ್ಟರು. ಇಟಲಿಯ ಫ್ಲಾರೆನ್ಸ್‌ನವರು ಸುಮ್ಮನಿರಲಿಲ್ಲ. ಅದನ್ನು ಮೊದಲು ಕಂಡವರು ನಾವು, ಅದರ ಹೆಸರು ಫ್ಲಾರೆಂಟಿಯಂ ಎಂದು ವಾದಕ್ಕಿಳಿದರು.

ಇವರು ಮೋಸಗಾರರೆಂದು ತಿಳಿಯಬೇಡಿ. ಇವರೆಲ್ಲ ಒಳ್ಳೆಯ ರಸಾಯನ ವಿಜ್ಞಾನಿಗಳೇ. ರೋಹಿತದಲ್ಲಿ ಮಸುಕಾಗಿ ಕಂಡ ಗೆರೆಗಳನ್ನು ನಂಬಿದರು. ರೀನಿಯಂ ನಿಜವಾದ ಧಾತು ಎಂಬುದು ಸಿದ್ಧವಾಯಿತು, ಏಕೆಂದರೆ ಅದೇ ತಂಡ ಮುಂದೆ ಅದನ್ನು ಗ್ರಾಂಗಟ್ಟಲೆ ಬೇರ್ಪಡಿಸಿ, ತೂಗಿ ತೋರಿಸಿತು. ಮಸೂರಿಯಂ, ಇಲಿನಿಯಂ, ಫ್ಲಾರೆಂಟಿಯಂಗಳನ್ನು ಹೀಗೆ ತೂಗಿ ತೋರಿಸಲು ಯಾರಿಂದಲೂ ಆಗಲಿಲ್ಲ. ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಗೆರೆಗಳು ಕಾಣಲಿಲ್ಲ. ವಿಜ್ಞಾನದಲ್ಲಿ 'ನಾನು ಕಂಡೆ' ಎಂದರೆ ಸಾಲದು, 'ನೀವೂ ಕಾಣಿರಿ' ಎನ್ನಲು ಸಾಧ್ಯವಾಗಬೇಕು.

ಹಳೆಯ ತಗಡಿನಲ್ಲಿ ಹೊಸ ಧಾತು

43ನೆಯ ಮನೆ ತುಂಬಿದ್ದು ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದಲ್ಲಿ, 1937ರಲ್ಲಿ. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಎಮಿಲಿಯೊ ಸೆಗ್ರೆ ಎಂಬ ತರುಣ ಭೌತವಿಜ್ಞಾನಿ ಇದ್ದ. ಪ್ರಯೋಗಶಾಲೆಯಲ್ಲಿ ಹೇಳಿಕೊಳ್ಳುವಂಥ ಸಲಕರಣೆಗಳಿರಲಿಲ್ಲ. 1936ರಲ್ಲಿ ಅವನು ಅಮೆರಿಕದ ಬರ್ಕ್‌ಲಿಗೆ ಹೋಗಿ ಅರ್ನೆಸ್ಟ್ ಲಾರೆನ್ಸ್‌ನ ಸೈಕ್ಲೊಟ್ರಾನ್ ಯಂತ್ರವನ್ನು ನೋಡಿ ಬಂದಿದ್ದ. ಆ ಯಂತ್ರದೊಳಗೆ ಬಳಸಿ ಬಿಟ್ಟ ಮಾಲಿಬ್ಡಿನಂ ಲೋಹದ ಒಂದು ಪಟ್ಟಿಯನ್ನು ಲಾರೆನ್ಸ್ ಟಪಾಲಿನಲ್ಲಿ ಕಳಿಸಿಕೊಟ್ಟ. ತಿಂಗಳುಗಟ್ಟಲೆ ಡ್ಯೂಟೆರಾನ್ ಕಣಗಳ ಹೊಡೆತ ತಿಂದಿದ್ದ ಪಟ್ಟಿ ಅದು.

ಮಾಲಿಬ್ಡಿನಂ 42ನೆಯ ಧಾತು. ಅದರ ಬೀಜಕೇಂದ್ರಕ್ಕೆ ಒಂದು ಪ್ರೋಟಾನ್ ಸೇರಿದರೆ 43 ಆಗಬೇಕಲ್ಲವೇ? ಸೆಗ್ರೆ ಮತ್ತು ಖನಿಜಶಾಸ್ತ್ರಜ್ಞ ಕಾರ್ಲೊ ಪೆರ್ರಿಯೆ ಆ ಪಟ್ಟಿಯ ವಿಕಿರಣ ಯಾವ ಧಾತುವಿನಿಂದ ಬರುತ್ತಿದೆ ಎಂದು ಒಂದೊಂದನ್ನೇ ರಾಸಾಯನಿಕವಾಗಿ ಬೇರ್ಪಡಿಸಿ ನೋಡಿದರು. ಮಾಲಿಬ್ಡಿನಂ ಅಲ್ಲ, ಅಕ್ಕಪಕ್ಕದ ಇತರ ಧಾತುಗಳೂ ಅಲ್ಲ. ವರ್ತನೆ ರೀನಿಯಂನ ಹಾಗಿತ್ತು, ಆದರೆ ರೀನಿಯಂ ಕೂಡ ಅಲ್ಲ. ಉಳಿದದ್ದು 43 ಒಂದೇ. ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದ ವಸ್ತುವನ್ನು ಅದು ಹೊಮ್ಮಿಸುವ ವಿಕಿರಣದ ಜಾಡು ಹಿಡಿದು ಗುರುತಿಸಿದ್ದರು. ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಧಾತು ಇದು. 1947ರಲ್ಲಿ ಇದಕ್ಕೆ ಟೆಕ್ನೀಷಿಯಂ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ಇದರ ಮೂಲ ಶಬ್ದಕ್ಕೆ ಕೃತಕವಾದದ್ದು ಎಂದೇ ಅರ್ಥ.

1938ರಲ್ಲಿ ಸೆಗ್ರೆ ಮತ್ತೆ ಬರ್ಕ್‌ಲಿಯಲ್ಲಿದ್ದಾಗ ಇಟಲಿಯ ಫ್ಯಾಸಿಸ್ಟ್ ಸರಕಾರ ಯೆಹೂದಿಗಳ ವಿರುದ್ಧ ಕಾನೂನು ತಂದಿತು. ಯೆಹೂದಿಯಾದ ಸೆಗ್ರೆ ಪಲೆರ್ಮೊದ ಹುದ್ದೆ ಕಳೆದುಕೊಂಡು ಅಮೆರಿಕದಲ್ಲೇ ಉಳಿದ. ಅದೇ ವರ್ಷ ಗ್ಲೆನ್ ಸೀಬೋರ್ಗ್ ಜೊತೆ ಸೇರಿ ಅವನು ಟೆಕ್ನೀಷಿಯಂನ ಇನ್ನೊಂದು ರೂಪವನ್ನು ಪತ್ತೆಮಾಡಿದ. ಅದನ್ನು ನೆನಪಿಟ್ಟುಕೊಳ್ಳಿ, ಮುಂದೆ ಆಸ್ಪತ್ರೆಯಲ್ಲಿ ಅದು ನಮಗೆ ಮತ್ತೆ ಸಿಗುತ್ತದೆ.

61ನೆಯದರ ಕಥೆ ಯುದ್ಧಕಾಲದ್ದು. ಅಮೆರಿಕದ ಓಕ್ ರಿಡ್ಜ್‌ನಲ್ಲಿದ್ದ ರಿಯಾಕ್ಟರಿನಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ವಿರಳ ಭಸ್ಮ ಲೋಹಗಳೂ ಇದ್ದವು. ಈ ಗುಂಪಿನ ಧಾತುಗಳು ಅವಳಿಜವಳಿಗಳಂತೆ, ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಬಹಳ ಕಷ್ಟ. ಹಿಂದಿನ ರಸಾಯನ ವಿಜ್ಞಾನಿಗಳು ಒಂದೇ ಲವಣವನ್ನು ಸಾವಿರಾರು ಸಲ ಹರಳುಗಟ್ಟಿಸಿ ಬೇರ್ಪಡಿಸುತ್ತಿದ್ದರು. ಜೇಕಬ್ ಮರಿನ್ಸ್‌ಕಿ, ಲಾರೆನ್ಸ್ ಗ್ಲೆಂಡೆನಿನ್ ಮತ್ತು ಚಾರ್ಲ್ಸ್ ಕೋರಿಯೆಲ್ ಆಗ ಹೊಸದಾಗಿದ್ದ ಅಯಾನು ವಿನಿಮಯ ವಿಧಾನವನ್ನು ಬಳಸಿ 1945ರಲ್ಲಿ 61ನೆಯ ಧಾತುವನ್ನು ನಿಸ್ಸಂದೇಹವಾಗಿ ಬೇರ್ಪಡಿಸಿದರು. ಯುದ್ಧದ ಗುಟ್ಟಿನ ಕೆಲಸವಾದ್ದರಿಂದ ಹೊರಗಿನ ಜಗತ್ತಿಗೆ ಸುದ್ದಿ ತಿಳಿದದ್ದು 1947ರಲ್ಲಿ. ದೇವತೆಗಳಿಂದ ಬೆಂಕಿಯನ್ನು ಕದ್ದು ಮನುಷ್ಯರಿಗೆ ಕೊಟ್ಟು, ಅದಕ್ಕಾಗಿ ಘೋರ ಶಿಕ್ಷೆ ಅನುಭವಿಸಿದ ಗ್ರೀಕ್ ಪುರಾಣದ ಪ್ರೊಮೀಥಿಯಸ್‌ನ ಹೆಸರನ್ನು ಸೂಚಿಸಿದವರು ಕೋರಿಯೆಲ್ ಅವರ ಪತ್ನಿ ಗ್ರೇಸ್ ಮೇರಿ. ಅಣುಶಕ್ತಿಯೂ ಅಂಥ ಬೆಂಕಿಯೇ ಎಂಬ ಎಚ್ಚರ ಆ ಹೆಸರಿನಲ್ಲಿತ್ತು.

ಈ ಮನೆಗಳೇ ಏಕೆ ಖಾಲಿ?

ಭೂಮಿಯಲ್ಲಿ ಇವು ಸಿಗದಿರಲು ಕಾರಣವೇನು? ಬೀಜಕೇಂದ್ರದಲ್ಲಿರುವ ಪ್ರೋಟಾನು ಮತ್ತು ನ್ಯೂಟ್ರಾನುಗಳ ಒಟ್ಟು ಸಂಖ್ಯೆಗೆ ದ್ರವ್ಯರಾಶಿ ಸಂಖ್ಯೆ ಎನ್ನುತ್ತೇವೆ. ಒಂದೇ ದ್ರವ್ಯರಾಶಿ ಸಂಖ್ಯೆಯುಳ್ಳ ಅಕ್ಕಪಕ್ಕದ ಎರಡು ಧಾತುಗಳು ಎರಡೂ ಸ್ಥಿರವಾಗಿರಲಾರವು ಎಂಬ ನಿಯಮವನ್ನು ಜೋಸೆಫ್ ಮಾಟೌಖ್ 1934ರಲ್ಲಿ ಹೇಳಿದ. ಬಸ್ಸಿನಲ್ಲಿ ಒಂದು ಸೀಟಿಗೆ ಒಬ್ಬರೇ ಎಂಬ ಹಾಗೆ.

ಈಗ 43ರ ನೆರೆಹೊರೆ ನೋಡಿ. ಒಂದು ಕಡೆ ಮಾಲಿಬ್ಡಿನಂ, ಇನ್ನೊಂದು ಕಡೆ 44ನೆಯ ರುಥೇನಿಯಂ. 94ರಿಂದ 102ರವರೆಗಿನ ಎಲ್ಲ ಸೀಟುಗಳಲ್ಲೂ ಇವೆರಡರಲ್ಲಿ ಒಂದು ಆಗಲೇ ಕುಳಿತಿದೆ. ಟೆಕ್ನೀಷಿಯಂಗೆ ಸೀಟಿಲ್ಲ. 61ರ ಗತಿಯೂ ಅದೇ. 60ನೆಯ ನಿಯೋಡಿಮಿಯಂ ಮತ್ತು 62ನೆಯ ಸಮೇರಿಯಂ ಸೇರಿ 142ರಿಂದ 150ರವರೆಗಿನ ಸೀಟುಗಳನ್ನೆಲ್ಲ ಹಿಡಿದಿವೆ. ಜಾಗ ಸಿಗದ ಬೀಜಕೇಂದ್ರ ಒಂದು ಎಲೆಕ್ಟ್ರಾನನ್ನು, ಅಂದರೆ ಬೀಟಾ ಕಣವನ್ನು, ಹೊರಕ್ಕೆಸೆದು ನೆರೆಯ ಧಾತುವಾಗಿ ಬದಲಾಗುತ್ತದೆ. ಟೆಕ್ನೀಷಿಯಂ-99 ರುಥೇನಿಯಂ-99 ಆಗುತ್ತದೆ, ಪ್ರೊಮೀಥಿಯಂ-147 ಸಮೇರಿಯಂ-147 ಆಗುತ್ತದೆ. ಭೂಮಿ ಹುಟ್ಟಿದಾಗ ಇದ್ದಷ್ಟೂ ಹೀಗೆ ನೆರೆಮನೆ ಸೇರಿ ಎಂದೋ ಮುಗಿದುಹೋಯಿತು.

ಪಕ್ಕಪಕ್ಕದಲ್ಲಿಟ್ಟು ನೋಡಿದರೆ

ಈಗ ಹೋಲಿಕೆಗೆ ಬರೋಣ. ಶುದ್ಧ ಲೋಹದ ರೂಪದಲ್ಲಿ ಎರಡೂ ಬೆಳ್ಳಿಯ ಹೊಳಪಿನವು. ಬರಿ ಕಣ್ಣಿನಿಂದ ನೋಡಿ ಇದು ಇಂಥದೆಂದು ಹೇಳುವುದು ಕಷ್ಟ. ಹೋಲಿಕೆ ಇಷ್ಟಕ್ಕೇ ಮುಗಿಯುತ್ತದೆ.

ಟೆಕ್ನೀಷಿಯಂ ಭಾರದ ಲೋಹ. ಒಂದು ಘನ ಸೆಂಟಿಮೀಟರಿನ ತೂಕ 11 ಗ್ರಾಂಗೂ ಹೆಚ್ಚು, ಅಂದರೆ ಸೀಸಕ್ಕೆ ಸಮಾನ. ಆದರೆ ಸೀಸದ ಹಾಗೆ ಸುಲಭವಾಗಿ ಕರಗುವುದಿಲ್ಲ. ಅದು ಕರಗಲು ಸುಮಾರು 2,157 ಡಿಗ್ರಿ ಸೆಲ್ಷಿಯಸ್ ಬೇಕು. ಕಬ್ಬಿಣ 1,538 ಡಿಗ್ರಿಯಲ್ಲೇ ಕರಗುತ್ತದೆ. ಸುಮಾರು ಮೈನಸ್ 266 ಡಿಗ್ರಿಯವರೆಗೆ ತಣಿಸಿದರೆ ಟೆಕ್ನೀಷಿಯಂ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡದ ಅತಿವಾಹಕವಾಗುತ್ತದೆ. ಹೈಡ್ರೊಕ್ಲೋರಿಕ್ ಆಮ್ಲಕ್ಕೆ ಜಗ್ಗುವುದಿಲ್ಲ, ನೈಟ್ರಿಕ್ ಆಮ್ಲದಲ್ಲಿ ಕರಗುತ್ತದೆ. ಪ್ರೊಮೀಥಿಯಂ ಹಗುರ, ಘನ ಸೆಂಟಿಮೀಟರಿಗೆ ಸುಮಾರು 7.3 ಗ್ರಾಂ. 1,042 ಡಿಗ್ರಿಗೇ ಕರಗುತ್ತದೆ.

ರಾಸಾಯನಿಕ ಸ್ವಭಾವದಲ್ಲಿ ಅಂತರ ಇನ್ನೂ ದೊಡ್ಡದು. ಪ್ರೊಮೀಥಿಯಂ ಶಿಸ್ತಿನ ಲೋಹ. ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು +3 ಸ್ಥಿತಿಯಲ್ಲಿ ನಿಲ್ಲುತ್ತದೆ, ಅದರಾಚೆ ಹೋಗುವುದು ಅಪರೂಪ. ಟೆಕ್ನೀಷಿಯಂ ಹತ್ತು ವೇಷದ ಪಾತ್ರಧಾರಿ. ಹಲವು ಸ್ಥಿತಿಗಳಲ್ಲಿ ಕಾಣಿಸಿಕೊಂಡು +7ರವರೆಗೂ ಹೋಗುತ್ತದೆ. ಆಗ ಅದು ನಾಲ್ಕು ಆಮ್ಲಜನಕ ಪರಮಾಣುಗಳೊಂದಿಗೆ ಸೇರಿ ಪರ್‌ಟೆಕ್ನಿಟೇಟ್ ಎಂಬ ಅಯಾನು ಆಗುತ್ತದೆ. ನೀವು ಪ್ರಯೋಗಶಾಲೆಯಲ್ಲಿ ನೋಡಿರುವ ಪರ್‌ಮ್ಯಾಂಗನೇಟ್‌ನ ಸೋದರ ಇದು. ಒಂದು ಲೋಹ ನಾನಾ ಸ್ಥಿತಿಗೆ ಒಗ್ಗಿಕೊಳ್ಳುತ್ತದೆ, ಇನ್ನೊಂದು ಒಂದಕ್ಕೇ ಅಂಟಿಕೊಳ್ಳುತ್ತದೆ. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಇನ್ನು ಆಯುಷ್ಯ. ವಿಕಿರಣಶೀಲ ವಸ್ತುವಿನ ಪರಮಾಣುಗಳಲ್ಲಿ ಅರ್ಧದಷ್ಟು ಬದಲಾಗಲು ಬೇಕಾಗುವ ಕಾಲವೇ ಅರ್ಧಾಯುಷ್ಯ. ಟೆಕ್ನೀಷಿಯಂ-99ರ ಅರ್ಧಾಯುಷ್ಯ ಸುಮಾರು 2 ಲಕ್ಷ 11 ಸಾವಿರ ವರ್ಷ. ಪ್ರೊಮೀಥಿಯಂ-147ರದ್ದು 2.62 ವರ್ಷ. ಕದ್ರಿಯ ವಿಗ್ರಹದ ಕಾಲಕ್ಕೆ, 968ಕ್ಕೆ, ಒಮ್ಮೆ ಹೋಗಿ ಬರೋಣ. ಆ ದಿನ ಯಾರೋ ಒಂದು ಕಿಲೋ ಟೆಕ್ನೀಷಿಯಂ-99 ಮತ್ತು ಒಂದು ಕಿಲೋ ಪ್ರೊಮೀಥಿಯಂ-147 ಇಟ್ಟುಹೋಗಿದ್ದರು ಎಂದುಕೊಳ್ಳಿ. ಇಂದು ತೂಗಿ ನೋಡಿದರೆ ಟೆಕ್ನೀಷಿಯಂನಲ್ಲಿ ಕಡಿಮೆಯಾದದ್ದು ಸುಮಾರು ಮೂರೂವರೆ ಗ್ರಾಂ ಮಾತ್ರ. ಪ್ರೊಮೀಥಿಯಂ 400 ಸಲ ಅರ್ಧ ಅರ್ಧವಾಗಿ ಇಳಿದು, ಒಂದೇ ಒಂದು ಪರಮಾಣು ಕೂಡ ಉಳಿದಿರುತ್ತಿರಲಿಲ್ಲ. ಇಡೀ ಭೂಮಿಯೇ ಪ್ರೊಮೀಥಿಯಂ ಆಗಿದ್ದರೂ ಉತ್ತರ ಇದೇ. ಲೆಕ್ಕ ಹಾಕಿ ನೋಡಿ.

ಹಾಗಾದರೆ ಇವೆರಡರಲ್ಲಿ ಯಾವುದು ಹೆಚ್ಚು ಪ್ರಖರ? ಹಣತೆಯ ದೀಪವನ್ನು ನೆನೆಯಿರಿ. ಎಣ್ಣೆ ಅಷ್ಟೇ ಇದ್ದರೂ ದಪ್ಪ ಬತ್ತಿ ಜೋರಾಗಿ ಉರಿದು ಬೇಗ ಆರುತ್ತದೆ, ಸಣ್ಣ ಬತ್ತಿ ಮಿಣಮಿಣ ಎನ್ನುತ್ತ ಬಹಳ ಹೊತ್ತು ಇರುತ್ತದೆ. ಒಂದು ಗ್ರಾಂ ಪ್ರೊಮೀಥಿಯಂ-147 ಒಂದು ಗ್ರಾಂ ಟೆಕ್ನೀಷಿಯಂ-99ಕ್ಕಿಂತ ಸುಮಾರು 54 ಸಾವಿರ ಪಟ್ಟು ಹೆಚ್ಚು ವಿಕಿರಣಶೀಲ. ಆದ್ದರಿಂದಲೇ ಅದರ ಲವಣಗಳು ಕತ್ತಲೆಯಲ್ಲಿ ನಸು ನೀಲಿಯಾಗಿ ಅಥವಾ ಹಸಿರಾಗಿ ತಾವಾಗಿಯೇ ಮಿನುಗುತ್ತವೆ.

ಆಯುಷ್ಯಕ್ಕೆ ತಕ್ಕ ಕೆಲಸ

ಈ ಮಿನುಗನ್ನು ಮನುಷ್ಯ ಬಳಸಿಕೊಂಡ. ಹಿಂದೆ ಗಡಿಯಾರದ ಮುಳ್ಳುಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡಿ ಬಣ್ಣ ಬಳಿದ ಅಮೆರಿಕದ ಎಷ್ಟೋ ಹೆಣ್ಣುಮಕ್ಕಳು 1920ರ ದಶಕದಲ್ಲಿ ಮೂಳೆಗಳ ರೋಗಕ್ಕೆ ತುತ್ತಾಗಿ ಸತ್ತರು. ರೇಡಿಯಂನ ಅರ್ಧಾಯುಷ್ಯ 1,600 ವರ್ಷ, ಜೊತೆಗೆ ತೂರಿಹೋಗುವ ಗಾಮಾ ಕಿರಣ. ಮುಂದೆ ಆ ಜಾಗಕ್ಕೆ ಬಂದ ವಸ್ತುಗಳಲ್ಲಿ ಪ್ರೊಮೀಥಿಯಂ-147 ಒಂದು. ಅದರ ದುರ್ಬಲ ಬೀಟಾ ಕಣಗಳನ್ನು ಗಡಿಯಾರದ ಗಾಜೇ ತಡೆಯುತ್ತದೆ. ಚಂದ್ರನ ಮೇಲಿಳಿದ ಅಪೊಲೊ ನೌಕೆಯ ಸ್ವಿಚ್ಚುಗಳ ತುದಿಗೂ ಇದರ ಬಣ್ಣವಿತ್ತು. 1970ರ ದಶಕದಲ್ಲಿ ಹೃದಯದ ಪೇಸ್‌ಮೇಕರ್‌ಗಳಿಗೆ ಇದರಿಂದ ಬ್ಯಾಟರಿಯನ್ನೂ ಮಾಡಿದ್ದರು. ಕಾಗದದ ಗಿರಣಿಯಲ್ಲಿ ಹಾಳೆಯ ದಪ್ಪ ಅಳೆಯುವುದು ಇದರ ಇನ್ನೊಂದು ಕೆಲಸ.

ಟೆಕ್ನೀಷಿಯಂನ ಕೆಲಸ ಆಸ್ಪತ್ರೆಯಲ್ಲಿ. ಆದರೆ ಅಲ್ಲಿ ಬೇಕಾದದ್ದು ಎರಡು ಲಕ್ಷ ವರ್ಷದ ರೂಪವಲ್ಲ. ಸೆಗ್ರೆ ಮತ್ತು ಸೀಬೋರ್ಗ್ ಪತ್ತೆಮಾಡಿದ ಟೆಕ್ನೀಷಿಯಂ-99ಎಂ ಎಂಬ ರೂಪವಿದೆಯಲ್ಲ, ಅದು. ಇದರ ಅರ್ಧಾಯುಷ್ಯ ಕೇವಲ 6 ಗಂಟೆ. ರೋಗಿಯ ರಕ್ತನಾಳಕ್ಕೆ ಇದರ ಸಂಯುಕ್ತವನ್ನು ಚುಚ್ಚಿದರೆ ಅದು ಮೂಳೆ, ಹೃದಯ, ಮೂತ್ರಪಿಂಡ ಹೀಗೆ ಗೊತ್ತುಪಡಿಸಿದ ಅಂಗಕ್ಕೆ ಹೋಗಿ ಗಾಮಾ ಕಿರಣ ಬೀರುತ್ತದೆ. ಹೊರಗಿನ ಕ್ಯಾಮೆರಾ ಅದನ್ನು ಹಿಡಿದು ಚಿತ್ರ ಬರೆಯುತ್ತದೆ. ಬೇರೆ ಬೇರೆ ಅಂಗಕ್ಕೆ ಬೇರೆ ಬೇರೆ ಸಂಯುಕ್ತ ಬೇಕಲ್ಲ? ಟೆಕ್ನೀಷಿಯಂನ ಹತ್ತು ವೇಷಗಳು ಇಲ್ಲಿ ಉಪಯೋಗಕ್ಕೆ ಬಂದವು. ಜಗತ್ತಿನಲ್ಲಿ ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಪರೀಕ್ಷೆಗಳು ಇದರಿಂದ ನಡೆಯುತ್ತವೆ.

ಆದರೆ ಒಂದು ತೊಡಕು. 6 ಗಂಟೆಯ ವಸ್ತುವನ್ನು ದೂರದಿಂದ ತರಿಸುವುದು ಹೇಗೆ? ಮುಂಬಯಿಯ ಟ್ರಾಂಬೆಯಿಂದ ಕರ್ನಾಟಕಕ್ಕೆ ಬರಲು ಒಂದು ದಿನ ಹಿಡಿದರೆ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಅದಕ್ಕೆ ವಿಜ್ಞಾನಿಗಳು ಕಂಡುಕೊಂಡ ಉಪಾಯ, ಮಗುವಿನ ಬದಲು ತಾಯಿಯನ್ನು ಕಳಿಸುವುದು. ಈ ತಾಯಿ ಮಾಲಿಬ್ಡಿನಂ-99, ಅದರ ಅರ್ಧಾಯುಷ್ಯ 66 ಗಂಟೆ. ಒಂದು ದಿನದ ನಂತರವೂ ಅದು ನೂರಕ್ಕೆ 78ರಷ್ಟು ಉಳಿದಿರುತ್ತದೆ. ಆಸ್ಪತ್ರೆಗೆ ಬಂದ ಮೇಲೆ ಅದರಲ್ಲಿ ಹುಟ್ಟುವ ಟೆಕ್ನೀಷಿಯಂ ಅನ್ನು ದಿನದಿನವೂ ಬೇರ್ಪಡಿಸಿಕೊಳ್ಳುತ್ತಾರೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ 1950ರ ದಶಕದ ಕೊನೆಗೆ ರೂಪುಗೊಂಡ ಈ ಸಾಧನಕ್ಕೆ ಆ ಕ್ಷೇತ್ರದವರು ಬಳಸುವ ಅಡ್ಡಹೆಸರು 'ಹಸು', ಬೇರ್ಪಡಿಸುವ ಕೆಲಸಕ್ಕೆ 'ಹಾಲು ಕರೆಯುವುದು'. ನಮ್ಮ ದೇಶದಲ್ಲಿ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ಮಾಲಿಬ್ಡಿನಂ-99 ತಯಾರಾಗುತ್ತದೆ.

ಕೆಲವು ದಿನ ಹುಲ್ಲು ಸಿಗದಿದ್ದರೆ ಹಸು ಹಾಲು ಕೊಡಲಾರದು. 2009ರ ಮೇ ತಿಂಗಳಲ್ಲಿ ಕೆನಡಾದ ಚಾಕ್ ರಿವರ್ ರಿಯಾಕ್ಟರ್ ದುರಸ್ತಿಗೆಂದು ನಿಂತಿತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೆಟ್ಟೆನ್ ರಿಯಾಕ್ಟರೂ ನಿಂತಿತು. ಜಗತ್ತಿನ ಬಹುಪಾಲು ಮಾಲಿಬ್ಡಿನಂ-99 ಈ ಎರಡರಿಂದಲೇ ಬರುತ್ತಿದ್ದುದರಿಂದ ಅನೇಕ ದೇಶಗಳಲ್ಲಿ ರೋಗಿಗಳ ಪರೀಕ್ಷೆಗಳನ್ನು ಮುಂದೂಡಬೇಕಾಯಿತು. ಇದನ್ನು ಕೂಡಿಟ್ಟುಕೊಳ್ಳುವ ಹಾಗಿಲ್ಲ. ಅಲ್ಪಾಯುಷ್ಯದ ಗುಣವೂ ತೊಡಕೂ ಒಂದೇ.

6 ಗಂಟೆಯ ರೂಪ ಕಳೆದ ಮೇಲೆ ಅದು ಎರಡು ಲಕ್ಷ ವರ್ಷದ ಟೆಕ್ನೀಷಿಯಂ-99 ಆಗುತ್ತದೆ. ಹಾಗಾದರೆ ರೋಗಿಗೆ ಅಪಾಯವಿಲ್ಲವೇ? ಒಳ್ಳೆಯ ಪ್ರಶ್ನೆ. ಮೂಳೆಯ ಪರೀಕ್ಷೆಗೆ ಸಾಮಾನ್ಯವಾಗಿ ಕೊಡುವ ಪ್ರಮಾಣದಲ್ಲಿ ಮೊದಲಿಗೆ ಸೆಕೆಂಡಿಗೆ 74 ಕೋಟಿ ಪರಮಾಣುಗಳು ಬದಲಾಗುತ್ತಿರುತ್ತವೆ. ಅದರ ತೂಕ ಮಾತ್ರ ಒಂದು ಗ್ರಾಂನ ನೂರು ಕೋಟಿಯಲ್ಲಿ ನಾಲ್ಕು ಪಾಲು. ಅಷ್ಟೂ ಟೆಕ್ನೀಷಿಯಂ-99 ಆದ ಮೇಲೆ ಬದಲಾಗುವುದು ಸೆಕೆಂಡಿಗೆ ಎರಡೋ ಮೂರೋ ಪರಮಾಣು. ನಮ್ಮೆಲ್ಲರ ಮೈಯಲ್ಲಿ ಸಹಜವಾಗಿರುವ ಪೊಟ್ಯಾಷಿಯಂನಲ್ಲಿಯೇ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಬದಲಾಗುತ್ತಿರುತ್ತವೆ. ರೋಗಿಯ ಮಟ್ಟಿಗೆ ಉತ್ತರ ಇಷ್ಟು. ಆದರೆ ಅದೇ ಲೋಹ ಗ್ರಾಂ ಲೆಕ್ಕದಲ್ಲಲ್ಲ, ಕಿಲೋ ಲೆಕ್ಕದಲ್ಲಿ ಹುಟ್ಟುವ ಜಾಗವೊಂದಿದೆ.

ನಮ್ಮ ಕರಾವಳಿಯಲ್ಲಿಯೇ

ಅದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಮಂಗಳೂರಿನಿಂದ ಕರಾವಳಿಯಗುಂಟ ಉತ್ತರಕ್ಕೆ ಹೋದರೆ ಕಾರವಾರ. ಅಲ್ಲಿಂದ ಕಾಳಿ ನದಿಯ ದಂಡೆ ಹಿಡಿದು ಒಳನಾಡಿಗೆ ಹೋದರೆ ಕೈಗಾ. ಇಲ್ಲಿನ ಅಣುವಿದ್ಯುತ್ ಸ್ಥಾವರದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಮೊದಲ ಎರಡು ಘಟಕಗಳು 2000ದಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಜಾಗತಿಕ ದಾಖಲೆ ಬರೆಯಿತು.

ಯುರೇನಿಯಂ ಒಡೆಯುವಲ್ಲೆಲ್ಲ ನಮ್ಮ ಎರಡು ಲೋಹಗಳೂ ಹುಟ್ಟುತ್ತವೆ. ಯುರೇನಿಯಂ-235ರ ನೂರು ಪರಮಾಣುಗಳು ಒಡೆದರೆ ಸುಮಾರು ಆರು ಟೆಕ್ನೀಷಿಯಂ-99ಕ್ಕೂ, ಎರಡಕ್ಕಿಂತ ತುಸು ಹೆಚ್ಚು ಪ್ರೊಮೀಥಿಯಂ-147ಕ್ಕೂ ದಾರಿಯಾಗುತ್ತವೆ. ತೂಕದಲ್ಲಿ ಹೇಳುವುದಾದರೆ, ಒಂದು ಕಿಲೋ ಯುರೇನಿಯಂ-235 ಒಡೆದಲ್ಲಿ ಸುಮಾರು 25 ಗ್ರಾಂ ಟೆಕ್ನೀಷಿಯಂ, 14 ಗ್ರಾಂ ಪ್ರೊಮೀಥಿಯಂ. ಸೆಗ್ರೆ ಕಾಣದೆಯೇ ಗುರುತಿಸಿದ ವಸ್ತು ಇಂದು ನಮ್ಮ ಪಶ್ಚಿಮ ಘಟ್ಟದ ಕಾಡಿನ ನಡುವೆ ದಿನದಿನವೂ ತಯಾರಾಗುತ್ತಿದೆ.

ಕೈಗಾ ಸ್ಥಾವರದ ಪ್ರಸ್ತಾಪ ಬಂದಾಗ ಕನ್ನಡ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತುಮಕೂರಿನಲ್ಲಿ ಹುಟ್ಟಿದ ಡಾ. ರಾಜಾ ರಾಮಣ್ಣ 1980ರ ದಶಕದಲ್ಲಿ ದೇಶದ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು. ಕೋಟದಲ್ಲಿ ಹುಟ್ಟಿದ ಡಾ. ಶಿವರಾಮ ಕಾರಂತರು ಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಆಗ ಅವರಿಗೆ 87 ವರ್ಷ. ಚುನಾವಣೆಯಲ್ಲಿ ಸೋತರು. ಕಾರಂತರು ವಿಜ್ಞಾನದ ವಿರೋಧಿಯಾಗಿದ್ದವರಲ್ಲ. ಕನ್ನಡದಲ್ಲಿ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದವರು ಅವರೇ. ಒಂದು ಸ್ಥಾವರ ವಿದ್ಯುತ್ತನ್ನು ಕೊಡುತ್ತದೆ, ಸರಿ. ಅದು ಬಿಟ್ಟುಹೋಗುವ ವಸ್ತುವನ್ನು ಯಾರು, ಎಷ್ಟು ಕಾಲ ಕಾಯಬೇಕು? ಈ ಪ್ರಶ್ನೆಗೆ ಪರವಾಗಿರುವವರೂ ವಿರೋಧಿಸುವವರೂ ಉತ್ತರ ಕೊಡಬೇಕಾಗುತ್ತದೆ. ಉತ್ತರ ನಮ್ಮ ಎರಡು ಲೋಹಗಳ ಗುಣದಲ್ಲಿಯೇ ಇದೆ.

ಬಳಸಿದ ಇಂಧನವನ್ನು ಮೊದಲು ನೀರಿನ ಕೊಳಗಳಲ್ಲಿ ತಣಿಸಿಡುತ್ತಾರೆ. 26 ವರ್ಷ ಕಾದರೆ ಅದರಲ್ಲಿನ ಪ್ರೊಮೀಥಿಯಂ-147 ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಂದು ಪಿ.ಯು.ಸಿ. ಓದುವ ನೀವು ನಿಮ್ಮ ನಡುವಯಸ್ಸಿನಲ್ಲಿ ಅದರ ಅಂತ್ಯವನ್ನು ಕಾಣಬಹುದು. ಟೆಕ್ನೀಷಿಯಂ-99 ಅಷ್ಟು ಇಳಿಯಲು 21 ಲಕ್ಷ ವರ್ಷ ಬೇಕು. ನಮ್ಮ ಹಲ್ಮಿಡಿ ಶಾಸನಕ್ಕೆ ಆಗಿರುವ ವಯಸ್ಸು ಸುಮಾರು 1,575 ವರ್ಷ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಆಯುಷ್ಯದ ಜೊತೆಗೆ ಸ್ವಭಾವವೂ ಸೇರುತ್ತದೆ. +3 ಸ್ಥಿತಿಯ ಪ್ರೊಮೀಥಿಯಂ ಮಣ್ಣಿನ ಕಣಗಳಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ. ಪರ್‌ಟೆಕ್ನಿಟೇಟ್ ನೀರಿನಲ್ಲಿ ಕರಗಿ ನೀರು ಹೋದಲ್ಲೆಲ್ಲ ಹೋಗುತ್ತದೆ. ಇದು ಬರೀ ಪುಸ್ತಕದ ಮಾತಲ್ಲ. ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನ ಇಂಧನ ಮರುಸಂಸ್ಕರಣ ಸ್ಥಾವರದಿಂದ 1994ರ ನಂತರ ಐರಿಷ್ ಸಮುದ್ರಕ್ಕೆ ಹೋಗುವ ಟೆಕ್ನೀಷಿಯಂ-99 ಹೆಚ್ಚಾಯಿತು. ಕಡಲಕಳೆಯಲ್ಲಿ, ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್‌ಗಳಲ್ಲಿ ಅದು ಸೇರಿಕೊಂಡಿತು. ಪ್ರವಾಹದೊಂದಿಗೆ ನಾರ್ವೆಯ ತೀರದವರೆಗೂ ಮುಟ್ಟಿತು. ಮೀನುಗಾರಿಕೆಯನ್ನೇ ನಂಬಿದ ನಾರ್ವೆ ಬಲವಾಗಿ ಆಕ್ಷೇಪಿಸಿತು. ಕೊನೆಗೆ ಟೆಕ್ನೀಷಿಯಂ ಅನ್ನು ಹಿಡಿದು ತಳಕ್ಕಿಳಿಸುವ ರಾಸಾಯನಿಕವನ್ನು 2004ರಿಂದ ಬಳಸತೊಡಗಿದ ಮೇಲೆ ಅದು ಬಹಳವಾಗಿ ತಗ್ಗಿತು. ಮೀನಿಗೂ ಸಮುದ್ರಕ್ಕೂ ನಂಟು ಬೆಸೆದುಕೊಂಡಿರುವ ನಮ್ಮ ಕರಾವಳಿಯವರಿಗೆ ಈ ಕಥೆ ಅರ್ಥವಾಗಲು ಹೆಚ್ಚು ವಿವರಣೆ ಬೇಡ. ತೊಂದರೆ ತಂದದ್ದು ರಸಾಯನ ಶಾಸ್ತ್ರದ ಒಂದು ಗುಣ, ಅದನ್ನು ತಡೆದದ್ದೂ ರಸಾಯನ ಶಾಸ್ತ್ರದ ಅರಿವೇ.

ಕೃತಕವೆಂದರೆ ಎಷ್ಟು ಕೃತಕ?

ಕಡೆಯದಾಗಿ ಒಂದು ಮಾತು. ಇವನ್ನು ಕೃತಕ ಲೋಹಗಳೆಂದು ಕರೆದೆವು. ಆದರೆ 1952ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಪಾಲ್ ಮೆರಿಲ್ ಕೆಲವು ಕೆಂಪು ದೈತ್ಯ ನಕ್ಷತ್ರಗಳ ಬೆಳಕಿನಲ್ಲಿ ಟೆಕ್ನೀಷಿಯಂನ ಗೆರೆಗಳನ್ನು ಕಂಡರು. ನಕ್ಷತ್ರದ ವಯಸ್ಸಿನ ಮುಂದೆ ಟೆಕ್ನೀಷಿಯಂನ ಆಯುಷ್ಯ ತೀರ ಅಲ್ಪ. ಅಂದರೆ ಅದು ಹಳೆಯ ದಾಸ್ತಾನಲ್ಲ, ಆ ನಕ್ಷತ್ರದೊಳಗೆ ಈಚೆಗೆ ತಯಾರಾದದ್ದು. ಧಾತುಗಳು ನಕ್ಷತ್ರಗಳ ಒಡಲಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಇದು ಗಟ್ಟಿ ಸಾಕ್ಷಿಯಾಯಿತು. 1962ರಲ್ಲಿ ಆಫ್ರಿಕದ ಕಾಂಗೋದ ಯುರೇನಿಯಂ ಅದಿರಿನಲ್ಲೂ ಅತ್ಯಲ್ಪ ಪ್ರಮಾಣದ ಟೆಕ್ನೀಷಿಯಂ ಸಿಕ್ಕಿತು. ಭೂಮಿಯ ಹೊರಪದರದಲ್ಲೆಲ್ಲ ಸೇರಿ ಯಾವುದೇ ಗಳಿಗೆಯಲ್ಲಿ ಇರುವ ಪ್ರೊಮೀಥಿಯಂ ಸುಮಾರು ಅರ್ಧ ಕಿಲೋ ಎಂದು ಅಂದಾಜು. ಖಾಲಿ ಎಂದುಕೊಂಡಿದ್ದ ಮನೆಗಳು ಪೂರ್ತಿ ಖಾಲಿಯಾಗಿರಲಿಲ್ಲ. ಬಂದವರು ನಿಲ್ಲುತ್ತಿರಲಿಲ್ಲ, ಅಷ್ಟೆ.

ಪ್ರೊಮೀಥಿಯಂನ ಕಥೆ ಇನ್ನೂ ಮುಗಿದಿಲ್ಲ. ಅದು ಹುಟ್ಟಿದ ಓಕ್ ರಿಡ್ಜ್‌ನಲ್ಲಿಯೇ, ಕಂಡುಹಿಡಿದು ಸುಮಾರು 80 ವರ್ಷಗಳಾದ ಮೇಲೆ, 2024ರಲ್ಲಿ ವಿಜ್ಞಾನಿಗಳು ನೀರಿನಲ್ಲಿ ಕರಗಿದ ಪ್ರೊಮೀಥಿಯಂ ತನ್ನ ಸುತ್ತಲಿನ ಪರಮಾಣುಗಳೊಡನೆ ಕಟ್ಟಿಕೊಳ್ಳುವ ಬಂಧದ ಉದ್ದವನ್ನು ಮೊದಲ ಬಾರಿಗೆ ಅಳೆದರು. ನಿಮ್ಮ ಪಾಲಿಗೂ ಕೆಲಸ ಉಳಿದಿದೆ ಎಂದಾಯಿತು.

ಮುಂದಿನ ಸಲ ಬಿಜೈಗೆ ಬಂದಾಗ ವಸ್ತುಸಂಗ್ರಹಾಲಯಕ್ಕೂ ಕದ್ರಿಗೂ ಹೋಗಿ ಬನ್ನಿ. ಹಳೆಯ ನಾಣ್ಯದ ಮುಂದೆ, ಕಂಚಿನ ವಿಗ್ರಹದ ಮುಂದೆ ನಿಂತು ಇದು ಎಷ್ಟು ಹಳೆಯದು ಎಂದು ಕೇಳುತ್ತೀರಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ನಾವು ತಯಾರಿಸುತ್ತಿರುವುದು ಎಷ್ಟು ಕಾಲ ಇರುತ್ತದೆ? ಕುಂದವರ್ಮ ತನ್ನ ಹೆಸರು ಬಾಳಲೆಂದು ಶಾಸನ ಬರೆಸಿದ. ಟೆಕ್ನೀಷಿಯಂ ಇರುವ ಜಾಗಕ್ಕೆ ನಾವೂ ಒಂದು ಶಾಸನ ಬರೆಸಬೇಕು. ಅದನ್ನು ಓದಬೇಕಾದವರು ಲಕ್ಷ ವರ್ಷಗಳ ಆಚೆಗಿನವರು.